ಐರನ್ ಮೇಡನ್ ನೋಡೋಕೆ ಪ್ಯಾರಿಸ್ಸಾ, ನೆಬ್‌ವರ್ತಾ? ಗೊತ್ತಿದ್ದವರು ಹೇಳಿ

ಹಾವೇರಿ ಹೆಡ್‌ಬ್ಯಾಂಗರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಲಹೆ ಬೇಕಿತ್ತು. ಹೈಸ್ಕೂಲಿನಲ್ಲಿದ್ದಾಗ ಸೋದರಮಾವನ ಮಗ ಒಂದು ಎಂಪಿ3 ಸಿಡಿ ಕೊಟ್ಟಿದ್ದ, ಆವತ್ತು ಹಿಡಿದ ಐರನ್ ಮೇಡನ್ ಅನ್ನೋ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡಿನ ಹುಚ್ಚು ಇನ್ನೂ ಬಿಟ್ಟಿಲ್ಲ. ಅವರು 2007ರಲ್ಲಿ, ಆಮೇಲೆ 2009ರಲ್ಲಿ ಬೆಂಗಳೂರಿಗೆ ಬಂದಿದ್ದರು. ಆಗ ನಾನು ಹಾವೇರಿಯಲ್ಲಿ ಯೂನಿಫಾರ್ಮ್ ಹಾಕಿಕೊಂಡು ಓಡಾಡುತ್ತಿದ್ದ ಹುಡುಗ, ರಾಕ್ ಶೋ ನೋಡೋಕೆ ಬೆಂಗಳೂರಿಗೆ ಯಾರು ಕಳಿಸುತ್ತಾರೆ ಹೇಳಿ.

ಈಗ ಬೆಂಗಳೂರಿನಲ್ಲಿ ಕೆಲಸ, ಕೈಯಲ್ಲಿ ಸ್ವಲ್ಪ ದುಡ್ಡೂ ಇದೆ. ಬ್ಯಾಂಡಿಗೆ 50 ವರ್ಷ ಆಯಿತು ಅಂತ ದೊಡ್ಡ ಟೂರ್ ನಡೀತಿದೆ. 2025ರ ಮೇ 27ಕ್ಕೆ ಬುಡಾಪೆಸ್ಟ್‌ನಲ್ಲಿ ಶುರುವಾಯಿತು, 2026ರ ಬೇಸಿಗೆಯಲ್ಲೂ ಯುರೋಪಿನಲ್ಲೇ ಇರುತ್ತಾರೆ. ಮೊದಲ ಒಂಬತ್ತು ಆಲ್ಬಮ್, ಅಂದರೆ 1980ರಿಂದ 1992ರವರೆಗಿನ ಹಾಡು ಮಾತ್ರ ನುಡಿಸುತ್ತಾರಂತೆ. ನನಗೆ ಬೇಕಾಗಿರೋದೂ ಅದೇ.

ಎರಡು ಜಾಗ ನೋಡಿಟ್ಟಿದ್ದೇನೆ. ಒಂದು ಪ್ಯಾರಿಸ್, ಜೂನ್ 22 ಮತ್ತು 23, ಲಾ ಡಿಫಾನ್ಸ್ ಅರೀನಾ. ಇನ್ನೊಂದು ಇಂಗ್ಲೆಂಡಿನ ನೆಬ್‌ವರ್ತ್ ಪಾರ್ಕ್, ಜುಲೈ 11, ಶನಿವಾರ. ಆಫೀಸಿನಲ್ಲಿ ಒಂದು ವಾರಕ್ಕಿಂತ ಜಾಸ್ತಿ ರಜೆ ಸಿಗೋದಿಲ್ಲ. ಎಲ್ಲಾ ಸೇರಿ ಎರಡೂವರೆ ಲಕ್ಷದೊಳಗೆ ಮುಗಿಸಬೇಕು. ಒಬ್ಬನೇ ಹೋಗೋದು. ಮೊದಲು ಟಿಕೆಟ್ ತಗೊಳ್ಳಬೇಕಾ, ವೀಸಾ ಮಾಡಿಸಬೇಕಾ? ನಿಂತು ನೋಡೋದಾ, ಸೀಟ್ ತಗೊಳ್ಳೋದಾ? ಅಮ್ಮ ಬೇರೆ ‘ಹಾಡು ಕೇಳೋಕೆ ಅಷ್ಟು ದೂರ ಹೋಗಬೇಕೇನೋ, ಫೋನಲ್ಲೇ ಬರುತ್ತಲ್ಲ’ ಅಂತ ದಿನಾ ಶುರು ಮಾಡಿದ್ದಾರೆ.

ಲೆಕ್ಕದ ಮೇಷ್ಟ್ರು:

ಬೇಜಾರು ಮಾಡ್ಕೋಬೇಡಿ, ನಾನು ನಿಮ್ಮ ಅಮ್ಮನ ಪಾರ್ಟಿ. ಎರಡು ಗಂಟೆ ಶೋಗೆ ಎರಡೂವರೆ ಲಕ್ಷ! ಈಗ ದೊಡ್ಡ ಬ್ಯಾಂಡ್‌ಗಳೆಲ್ಲ ಇಲ್ಲಿಗೇ ಬರುತ್ತಿವೆ. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ನವಿ ಮುಂಬೈಯಲ್ಲಿ, ಅಹಮದಾಬಾದಿನಲ್ಲಿ ಆಡಿಕೊಂಡು ಹೋಯಿತು. ಅದೇ ಮೇ ತಿಂಗಳಲ್ಲಿ ಗನ್ಸ್ ಎನ್ ರೋಸಸ್ ಮುಂಬೈಗೆ ಬಂತು. ಇವರೂ ಇವತ್ತಲ್ಲ ನಾಳೆ ಬರುತ್ತಾರೆ. ಹಾವೇರಿಯಲ್ಲಿ ರಾತ್ರಿ ಬಸ್ ಹತ್ತಿ ಮಲಗಿದರೆ ಬೆಳಗ್ಗೆ ಮುಂಬೈ, ವೀಸಾನೂ ಬೇಡ ಇನ್ಶೂರೆನ್ಸೂ ಬೇಡ. ಆ ದುಡ್ಡಿಗೆ ಒಳ್ಳೆ ಗಿಟಾರು, ಆಂಪ್ ತಗೊಂಡು ನೀವೇ ನುಡಿಸಬಹುದು.

ಜಯನಗರ ನಾಲ್ಕನೇ ಬ್ಲಾಕ್:

ಮೇಷ್ಟ್ರೇ, ನಾಳೆ ಬರುತ್ತಾರೆ ಅಂತ ಕಾದವರ ಕಥೆ ನಾನು ಹೇಳ್ತೀನಿ ಕೇಳಿ.

2007ರ ಮಾರ್ಚ್ 17, ಶನಿವಾರ, ಅರಮನೆ ಮೈದಾನ. ನಾನಿದ್ದೆ. ಗೇಟಿನ ಹೊರಗೆ ಸಾಲು ಎಲ್ಲಿ ಶುರು ಎಲ್ಲಿ ಕೊನೆ ಗೊತ್ತಾಗುತ್ತಿರಲಿಲ್ಲ. ಗುವಾಹಟಿ, ಶಿಲ್ಲಾಂಗ್ ಕಡೆಯಿಂದ ಎರಡು ರಾತ್ರಿ ರೈಲಿನಲ್ಲಿ ಕೂತು ಬಂದ ಹುಡುಗರು ಬ್ಯಾಗು ತಲೆದಿಂಬು ಮಾಡಿಕೊಂಡು ಫುಟ್‌ಪಾತಿನ ಮೇಲೆ ಮಲಗಿದ್ದರು. ಆಗ ದೇಶದ ಜನ ಬ್ಯಾಂಡ್ ನೋಡೋಕೆ ನಮ್ಮೂರಿಗೆ ಬರುತ್ತಿದ್ದರು, ಈಗ ನಾವು ಮುಂಬೈಗೆ ಓಡುತ್ತೇವೆ, ಅದೂ ಒಂದು ಕಾಲ. ಮೊದಲು ದೆಹಲಿಯ ಪರಿಕ್ರಮ ಬ್ಯಾಂಡ್, ಆಮೇಲೆ ಮೇಡನ್‌ನಲ್ಲಿ ಬಾಸ್ ಗಿಟಾರ್ ನುಡಿಸೋ ಸ್ಟೀವ್ ಹ್ಯಾರಿಸ್ ಮಗಳು ಲಾರೆನ್ ಹಾಡಿದಳು. ಮೇಡನ್ ಸ್ಟೇಜಿಗೆ ಬಂದಾಗ ಮುಂದಿನವರು ಕುಣಿದ ಕುಣಿತಕ್ಕೆ ಕೆಮ್ಮಣ್ಣಿನ ಧೂಳು ಎದ್ದು ಲೈಟೇ ಕೆಂಪಾಯಿತು. ಕರ್ಚೀಫ್ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು ಹಾಡಿದೆವು. ಆವತ್ತೇ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವರ್ಲ್ಡ್ ಕಪ್ ಮ್ಯಾಚ್ ಬೇರೆ, ನಾವು ಬಾಂಗ್ಲಾದೇಶದ ಮೇಲೆ 191ಕ್ಕೆ ಆಲೌಟ್. ಪಕ್ಕದವನು ರೇಡಿಯೋ ಕಿವಿಗೆ ಒತ್ತಿಕೊಂಡು ವಿಕೆಟ್ ಬಿದ್ದಾಗೆಲ್ಲ ಬೆರಳು ಎತ್ತಿ ತೋರಿಸುತ್ತಿದ್ದ, ಯಾರಿಗೂ ಬೇಕಾಗಿರಲಿಲ್ಲ. ಸೋತ ವಿಷಯ ಸರಿಯಾಗಿ ಗೊತ್ತಾಗಿದ್ದು ಮಾರನೇ ದಿನ ಪೇಪರಿನಲ್ಲಿ.

2008ರ ಫೆಬ್ರವರಿ 1ಕ್ಕೆ ಮುಂಬೈಗೆ ಬಂದರು, ಹಾಡುಗಾರ ಡಿಕಿನ್ಸನ್ ತಾನೇ ವಿಮಾನ ಓಡಿಸಿಕೊಂಡು. 2009ರ ಫೆಬ್ರವರಿ 15ಕ್ಕೆ ಮತ್ತೆ ಅರಮನೆ ಮೈದಾನ. ಅಷ್ಟೇ. ಆಮೇಲೆ ಈ ಕಡೆ ತಲೆ ಹಾಕಿಲ್ಲ. ಪ್ರತಿ ಟೂರ್ ಪಟ್ಟಿ ಬಂದಾಗಲೂ ಇಂಡಿಯಾ ಇದೆಯಾ ಅಂತ ನೋಡೋದು, ಇಲ್ಲ ಅಂತ ಮುಚ್ಚಿಡೋದು. ಸ್ಟೀವ್ ಹ್ಯಾರಿಸ್ ಹುಟ್ಟಿದ್ದು 1956ರ ಮಾರ್ಚ್, ಅಂದರೆ ಎಪ್ಪತ್ತು. ನಿಕೊ ಮೆಕ್‌ಬ್ರೇನ್ 2024ರ ಡಿಸೆಂಬರಿನಲ್ಲಿ ಸಾವೊ ಪೌಲೊದಲ್ಲಿ ಕೊನೇ ಶೋ ನುಡಿಸಿ ಟೂರ್ ಸಹವಾಸ ಬಿಟ್ಟಾಯಿತು, ಈಗ ಡ್ರಮ್ಸ್‌ಗೆ ಸೈಮನ್ ಡಾಸನ್. ಇನ್ನೂ ಕಾಯಿ ಅಂದರೆ ಆ ಹುಡುಗ ಯಾರನ್ನು ಕಾಯಬೇಕು?

ತಮ್ಮಾ, ನೀನು ನೆಬ್‌ವರ್ತಿಗೆ ಹೋಗು. ಆ ಶೋಗೆ ಇಟ್ಟಿರೋ ಹೆಸರು ಎಡ್‌ಫೆಸ್ಟ್. 2007ರಲ್ಲಿ ಬೆಂಗಳೂರಿನ ಶೋಗೂ ಅದೇ ಹೆಸರಿತ್ತು.

ಡ್ರಮ್ ಕಡ್ಡಿ:

ಮಂಡ್ಯದವನು, ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ನೆಬ್‌ವರ್ತ್ ಅಂದರೆ ಸಾಮಾನ್ಯ ಜಾಗ ಅಲ್ಲ, ಒಪ್ಪುತ್ತೇನೆ. 1979ರಲ್ಲಿ ಲೆಡ್ ಜೆಪೆಲಿನ್, 1986ರ ಆಗಸ್ಟ್ 9ಕ್ಕೆ ಫ್ರೆಡ್ಡಿ ಮರ್ಕ್ಯುರಿ ಇದ್ದ ಕ್ವೀನ್‌ನ ಕಟ್ಟಕಡೆಯ ಶೋ, 1996ರಲ್ಲಿ ಓಯಸಿಸ್. ಆ ಹುಲ್ಲಿನ ಮೇಲೆ ನಿಲ್ಲೋದೇ ಒಂದು ಖುಷಿ.

ಆದರೆ ಊರು ಹೊಸದು, ಒಬ್ಬನೇ ಬರ್ತೀನಿ ಅನ್ನುವವನಿಗೆ ನಾನು ಇದನ್ನು ಹೇಳೋದಿಲ್ಲ. ಹೋಗೋದು ಸುಲಭ. ಲಂಡನ್ ಕಿಂಗ್ಸ್ ಕ್ರಾಸ್‌ನಲ್ಲಿ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ನೆಬ್‌ವರ್ತ್ ಪಕ್ಕದ ಸ್ಟೀವನೇಜ್. ವಾಪಸ್ ಬರೋದೇ ತಲೆನೋವು. ಇಲ್ಲಿ ಬಯಲಿನಲ್ಲಿ ನಡೆಯೋ ಶೋಗಳಲ್ಲಿ ಹತ್ತಾರು ಸಾವಿರ ಜನ ಒಂದೇ ಹೊತ್ತಿಗೆ ಹೊರಗೆ ಬರುತ್ತಾರೆ, ಹಳ್ಳಿ ರಸ್ತೆ. ಹೋದ ಸಲ ಬೇರೆ ಒಂದು ಶೋ ಮುಗಿದ ಮೇಲೆ ಕಾರ್ ಪಾರ್ಕಿನಿಂದ ಮುಖ್ಯ ರಸ್ತೆಗೆ ಬರೋಕೆ ಎಷ್ಟು ಹೊತ್ತಾಯಿತು ಅಂದರೆ, ಹಿಂದಿನ ಸೀಟಿನವರು ನಿದ್ದೆ ಮಾಡಿ ಎದ್ದು, ಇನ್ನೂ ಇಲ್ಲೇ ಇದೀವಾ ಅಂದರು. ಆ ಆಯೋಜಕರನ್ನು ನೆನೆಸಿಕೊಂಡರೆ ಈಗಲೂ ಬೈಗುಳ ಬರುತ್ತದೆ. ಮಳೆ ಬಂದರೆ ಕೆಸರು. ಟೆಂಟ್ ಹಾಕಿ ಅಲ್ಲೇ ಉಳಿಯೋದಾದರೆ ಬೇರೆ ಮಾತು, ಆದರೆ ಇಂಡಿಯಾದಿಂದ ಟೆಂಟ್ ಹೊತ್ತುಕೊಂಡು ಬರ್ತೀರಾ?

ಇನ್ನು ವೀಸಾ. ಇಂಗ್ಲೆಂಡಿಗೂ ಪ್ಯಾರಿಸ್ಸಿಗೂ ವೀಸಾ ಬೇರೆ ಬೇರೆ, ಒಂದು ಇದ್ದರೆ ಇನ್ನೊಂದಕ್ಕೆ ನಡೆಯೋದಿಲ್ಲ. ಇಲ್ಲಿನದಕ್ಕೆ ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಷ್ಟೇ ಅರ್ಜಿ ಹಾಕಬಹುದು. ಜುಲೈ ಶೋಗೆ ಅಂದರೆ ಏಪ್ರಿಲ್‌ವರೆಗೆ ಸುಮ್ನೆ ಕೂರಬೇಕು. ಅರ್ಜಿ ಹಾಕಿದರೆ ಸಾಮಾನ್ಯವಾಗಿ ಪಾಸ್‌ಪೋರ್ಟೂ ಅವರ ಹತ್ತಿರವೇ ಇರುತ್ತದೆ, ಹಾಗಾಗಿ ಎರಡೂ ಕಡೆ ಒಟ್ಟಿಗೆ ಹಾಕಿ ಯಾವುದು ಬರುತ್ತೋ ನೋಡೋಣ ಅನ್ನೋ ಪ್ಲಾನ್ ಬೇಡ.

ಸೀನ್ ದಂಡೆಯವಳು:

ನಾನು ಧಾರವಾಡದವಳು, ಪ್ಯಾರಿಸ್ ಹತ್ತಿರ ಕೆಲಸ ಮಾಡ್ತೀನಿ. ಹಾವೇರಿಯವರೇ, ಕಣ್ಣು ಮುಚ್ಚಿ ಪ್ಯಾರಿಸ್ಸಿಗೆ ಬನ್ನಿ.

ಲಾ ಡಿಫಾನ್ಸ್ ಅರೀನಾಗೆ ಪೂರ್ತಿ ಚಾವಣಿ ಇದೆ, ಮಳೆ ಬಂದರೂ ಶೋ ನಿಲ್ಲೋದಿಲ್ಲ, ನೀವೂ ನೆನೆಯೋದಿಲ್ಲ. 2017ರ ಅಕ್ಟೋಬರಿನಲ್ಲಿ ರೋಲಿಂಗ್ ಸ್ಟೋನ್ಸ್ ಶೋ ಮಾಡಿ ಶುರುಮಾಡಿದ ಜಾಗ, 2024ರ ಒಲಿಂಪಿಕ್ಸ್‌ನಲ್ಲಿ ಅದರೊಳಗೇ ಈಜುಕೊಳ ಕಟ್ಟಿದ್ದರು, ಅಷ್ಟು ದೊಡ್ಡದು. ಸುಮಾರು 40,000 ಜನ ಹಿಡಿಸುತ್ತಾರೆ. ಶೋ ಮುಗಿಸಿ ನಡೆದುಕೊಂಡು ಬಂದರೆ ಮೆಟ್ರೋ ಒಂದನೇ ಲೈನ್ ಇದೆ, ಆರ್‌ಇಆರ್ ರೈಲೂ ಇದೆ. ನಿಮಗೆ ಇರೋದು ಸೋಮವಾರ, ಮಂಗಳವಾರ. ಆ ದಿನಗಳಲ್ಲಿ ರಾತ್ರಿ ಒಂದು ಗಂಟೆ ಸುಮಾರಿಗೆ ಮೆಟ್ರೋ ನಿಲ್ಲುತ್ತದೆ, ಅಷ್ಟರಲ್ಲಿ ಆರಾಮಾಗಿ ರೂಮು ಸೇರುತ್ತೀರಿ. ರೂಮನ್ನು ಮಾತ್ರ ಒಂದನೇ ಲೈನಿನ ಯಾವುದಾದರೂ ಸ್ಟೇಷನ್ ಹತ್ತಿರ ಮಾಡಿ, ಲಾ ಡಿಫಾನ್ಸ್‌ನಲ್ಲೇ ಮಾಡಬೇಡಿ. ಅದು ಬರೀ ಆಫೀಸ್ ಕಟ್ಟಡಗಳ ಏರಿಯಾ, ಸಂಜೆ ಆದಮೇಲೆ ಬಿಕೋ ಅನ್ನುತ್ತದೆ.

ನಿಂತು ನೋಡೋದಾ ಅಂದರೆ, ಹೌದು. ಮೇಡನ್ ಶೋಗೆ ಬಂದು ಸೀಟಿನಲ್ಲಿ ಕೂರೋಕೆ ಬೆಂಗಳೂರಿನಿಂದ ಯಾಕೆ ಬರಬೇಕು? ಮುಂದೆ ಜಾಗ ಬೇಕು ಅಂದರೆ ಮಧ್ಯಾಹ್ನವೇ ಸಾಲಿನಲ್ಲಿ ನಿಲ್ಲಬೇಕು. ಬೆನ್ನಿಗೆ ದೊಡ್ಡ ಬ್ಯಾಗ್ ಬೇಡ, ಗೇಟಿನಲ್ಲೇ ತಡೆಯುತ್ತಾರೆ. ಇಲ್ಲಿ ಶೋಗಳಲ್ಲಿ ನೀರಿನ ಬಾಟಲಿ ಒಳಗೆ ಬಿಟ್ಟರೂ ಮುಚ್ಚಳ ಕಿತ್ತುಕೊಳ್ಳುತ್ತಾರೆ, ಹಾಗಾಗಿ ಒಳಗೆ ಹೋದ ಮೇಲೆ ಕುಣಿಯೋ ಮೊದಲೇ ಕುಡಿದು ಮುಗಿಸಿ. ಫೋನ್ ಜೇಬಿನಲ್ಲಿಡಿ. ಬ್ಯಾಂಡಿನ ಮ್ಯಾನೇಜರೇ ಈ ಟೂರಿಗೆ ಜಾಸ್ತಿ ಫೋನ್ ಎತ್ತಬೇಡಿ ಅಂತ ಕೇಳಿಕೊಂಡಿದ್ದಾರೆ. ಈಯರ್‌ಪ್ಲಗ್ ಮರೆಯಬೇಡಿ. ಫ್ರಾನ್ಸ್‌ನಲ್ಲಿ ಶೋ ಸೌಂಡ್ 15 ನಿಮಿಷದ ಸರಾಸರಿಯಲ್ಲಿ 102 ಡೆಸಿಬೆಲ್ ದಾಟಬಾರದು ಅಂತ ಕಾನೂನು ಇದೆ, ಪ್ಲಗ್ ಪುಕ್ಕಟೆ ಕೊಡಬೇಕು ಅಂತಲೂ ಇದೆ. ಆದರೆ ಆ ಸ್ಪಂಜಿನ ಪ್ಲಗ್ ಹಾಕಿದರೆ ಗಿಟಾರ್ ಎಲ್ಲಾ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಸಂಗೀತಕ್ಕೆ ಅಂತಲೇ ಮಾಡಿದ್ದು ಸಿಗುತ್ತದೆ, ಊರಿನಿಂದಲೇ ತನ್ನಿ.

ಮೊದಲು ಟಿಕೆಟ್ಟಾ ವೀಸಾನಾ? ಶೋ ಟಿಕೆಟ್ ಮೊದಲು. ಅದನ್ನೇ ವೀಸಾ ಅರ್ಜಿ ಜೊತೆ ಇಡಿ, ಯಾಕೆ ಬರುತ್ತಿದ್ದೀರಿ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಕಾಗದ ಇಲ್ಲ. ಅರೀನಾದವರದ್ದೋ ಬ್ಯಾಂಡಿನದ್ದೋ ಸೈಟಿನಲ್ಲಿ ಕೊಟ್ಟಿರೋ ಲಿಂಕ್‌ನಿಂದಲೇ ತಗೊಳ್ಳಿ. ಆಯೋಜಕರ ಅನುಮತಿ ಇಲ್ಲದೆ ಟಿಕೆಟ್ ಮರುಮಾರಾಟದ ದಂಧೆ ಮಾಡೋದು ಇಲ್ಲಿ 2012ರಿಂದ ಅಪರಾಧ, ಆದರೂ ಹುಡುಕಿದರೆ ಮೊದಲು ಕಾಣಿಸೋದು ಅಂಥ ಸೈಟುಗಳೇ. ವಿಮಾನಕ್ಕೆ ದುಡ್ಡು ವಾಪಸ್ ಬರೋ ಬುಕಿಂಗ್ ಮಾತ್ರ ಮಾಡಿ, ವೀಸಾ ಕೈಗೆ ಬಂದ ಮೇಲೆ ಪಕ್ಕಾ ಮಾಡಿ.

ಪ್ಯಾರಿಸ್ಸಿಗೆ ಬೇಕಾಗೋದು ಶೆಂಗೆನ್ ವೀಸಾ, ಅದಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಫೀಸು 90 ಯೂರೋ, ಅದರ ಮೇಲೆ ಅರ್ಜಿ ತಗೊಳ್ಳೋ ಸೆಂಟರಿನವರ ಸರ್ವೀಸ್ ಚಾರ್ಜ್. ಇನ್ಶೂರೆನ್ಸ್ ಕಡೇಪಕ್ಷ 30,000 ಯೂರೋದ್ದು ಇರಬೇಕು. ನಿಯಮದ ಪ್ರಕಾರ ಅರ್ಜಿ ಹಾಕಿದ 15 ದಿನದಲ್ಲಿ ತೀರ್ಮಾನ ಆಗಬೇಕು, ಆದರೆ ಬೇಸಿಗೆ ರಜೆ ಬಂತು ಅಂದರೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ. ಈ ವಾರವೇ ಸ್ಲಾಟ್ ನೋಡಿ. ಬ್ಯಾಂಕ್ ಸ್ಟೇಟ್‌ಮೆಂಟಿಗೆ ಅಂತ ಕೊನೇ ಗಳಿಗೆಯಲ್ಲಿ ಯಾರ ಹತ್ತಿರವೋ ದುಡ್ಡು ಹಾಕಿಸಿಕೊಳ್ಳಬೇಡಿ, ಎದ್ದು ಕಾಣುತ್ತದೆ.

ಇನ್ನೊಂದು ಮಾತು. 20ಕ್ಕೇ ಬಂದುಬಿಡಿ. ಜೂನ್ 21 ಇಲ್ಲಿ ಸಂಗೀತದ ಹಬ್ಬ, 1982ರಿಂದ ನಡೀತಿದೆ. ಬೀದಿ ಬೀದಿಯಲ್ಲಿ, ಕೆಫೆ ಬಾಗಿಲಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಯಾರು ಬೇಕಾದರೂ ನುಡಿಸುತ್ತಾರೆ, ಟಿಕೆಟ್ ಇಲ್ಲ. ಈ ಸಲ ಭಾನುವಾರ ಬಿದ್ದಿದೆ, ಮಾರನೇ ದಿನ ನಿಮ್ಮ ಮೇಡನ್. ಇಂಥ ಜೋಡಿ ಮತ್ತೆ ಸಿಗೋದಿಲ್ಲ.

ಲೆಕ್ಕದ ಮೇಷ್ಟ್ರು:

ಸರಿ, 21ರ ವಿಷಯ ಗೊತ್ತಿರಲಿಲ್ಲ. ಆದರೂ ನನ್ನ ಲೆಕ್ಕ ನನ್ನದೇ. ವಿಮಾನಕ್ಕೇ ಎಂಬತ್ತು ಸಾವಿರ ಹತ್ತಿರ ಹೋಗುತ್ತೆ, ಪ್ಯಾರಿಸ್ ರೂಮು ಜೂನ್‌ನಲ್ಲಿ ಅಗ್ಗ ಅಲ್ಲ.

ಹಾವೇರಿ ಹೆಡ್‌ಬ್ಯಾಂಗರ್:

ಅಕ್ಕಾ, ತುಂಬಾ ಥ್ಯಾಂಕ್ಸ್. ಜಯನಗರದ ಸರ್, ನಿಮ್ಮ 2007ರ ಕಥೆ ಓದಿ ಹೊಟ್ಟೆ ಉರೀತು ನಿಜವಾಗ್ಲೂ. ನೆಬ್‌ವರ್ತ್ ಆಸೆ ಇತ್ತು, ಆದರೆ ರಾತ್ರಿ ಹನ್ನೆರಡಕ್ಕೆ ಗೊತ್ತಿಲ್ಲದ ಹಳ್ಳಿ ರಸ್ತೆಯಲ್ಲಿ ಒಬ್ಬನೇ ನಿಲ್ಲೋ ಧೈರ್ಯ ಇಲ್ಲ. ಪ್ಯಾರಿಸ್ಸೇ ಸರಿ. 22ನೇ ತಾರೀಖಾ 23ನೇ ತಾರೀಖಾ? ಎರಡೂ ನೋಡಿಬಿಡಲಾ ಅಂತಲೂ ಆಸೆ ಆಗ್ತಿದೆ. ಮತ್ತೆ ನಾನು ವೆಜ್, ಊಟ ಕಷ್ಟ ಆಗುತ್ತಾ?

ಸೀನ್ ದಂಡೆಯವಳು:

ಒಂದೇ ದಿನ ಸಾಕು, ಎರಡೂ ದಿನ ಹೆಚ್ಚುಕಡಿಮೆ ಅದೇ ಹಾಡುಗಳು. 23 ತಗೊಳ್ಳಿ. ಭಾನುವಾರ ರಾತ್ರಿಯೆಲ್ಲ ಬೀದಿ ಸುತ್ತಿ, ಸೋಮವಾರ ಮಧ್ಯಾಹ್ನ ಸಾಲಿನಲ್ಲಿ ನಿಲ್ಲೋಕೆ ಕಾಲಿನಲ್ಲಿ ಶಕ್ತಿ ಇರೋದಿಲ್ಲ. 23ಕ್ಕೆ ಸಿಗದಿದ್ದರೆ 22ಕ್ಕೆ ನೋಡಿ. ಟೀ ಶರ್ಟ್ ಬೇಕಾದರೆ ಒಳಗೆ ಹೋದ ತಕ್ಷಣ ತಗೊಳ್ಳಿ. ಊರಿನ ಹೆಸರು ಹಾಕಿದ ಶರ್ಟ್ ಇದ್ದರೆ ಶೋ ಮುಗಿಯೋ ಹೊತ್ತಿಗೆ ನಿಮ್ಮ ಸೈಜು ಉಳಿದಿರೋದಿಲ್ಲ.

ಊಟಕ್ಕೆ ತೊಂದರೆ ಇಲ್ಲ. ಗಾರ್ ದು ನೋರ್ ಸ್ಟೇಷನ್ನಿನಿಂದ ಲಾ ಶಾಪೆಲ್ ಕಡೆ ನಡೆದರೆ ತಮಿಳರ ಹೋಟೆಲುಗಳ ಸಾಲೇ ಇದೆ, ಇಡ್ಲಿ ದೋಸೆ ಎಲ್ಲಾ ಸಿಗುತ್ತದೆ. ಶೋ ದಿನ ಮಾತ್ರ ಮಧ್ಯಾಹ್ನವೇ ಹೊಟ್ಟೆ ತುಂಬಾ ತಿಂದು ಬನ್ನಿ, ಒಳಗೆ ವೆಜ್ ಅಂದರೆ ಆಲೂ ಫ್ರೈಸ್ ಬಿಟ್ಟು ಬೇರೆ ಏನೂ ನಂಬಬೇಡಿ.