ರಾತ್ರಿ ಮತ್ತೆ ನೀರು ನುಗ್ಗಿತು. ಮನವಿ ಯಾರು ಬರೆಯುತ್ತೀರಿ?

ಮನೆ 14: ಸಾಕಾಯಿತು. ರಾತ್ರಿ ಎರಡೂವರೆಗೆ ಎದ್ದು ಕಾಲು ಕೆಳಗಿಟ್ಟರೆ ಪಾದ ಮುಳುಗುವಷ್ಟು ನೀರು. ಅತ್ತೆಯವರ ಮಂಚದ ಕೆಳಗೆ ಚಪ್ಪಲಿ ತೇಲುತ್ತಿತ್ತು. ಬೆಳಗಿನವರೆಗೂ ಬಕೆಟ್‌ನಲ್ಲಿ ಎತ್ತಿ ಹಾಕಿದ್ದೇವೆ. ಅದೇ ಮೂಲೆ, ಅದೇ ಮೋರಿ. ಈ ಸಲ ಬಾಯಿಮಾತು ಬೇಡ, ಬರೆದೇ ಕೊಡೋಣ.

ಮನೆ 9: ನಾನು ಅವತ್ತೇ ಹೇಳಿದ್ದೆ. ಯಾರಾದರೂ ಕೇಳಿದ್ರಾ? ಚರಂಡಿ ಮೇಲೆ ರ‍್ಯಾಂಪ್ ಕಟ್ಟಿದವರು ಯಾರು ಅಂತ ಎಲ್ಲರಿಗೂ ಗೊತ್ತು.

ಮನೆ 11: ನಮಗೇ ಹೇಳುತ್ತಿದ್ದೀರಾ ಸರ್? ಕೆಳಗೆ ಪೈಪ್ ಹಾಕಿಸಿದ್ದೇವೆ.

ಮನೆ 9: ಆ ಪೈಪಿನಲ್ಲಿ ನನ್ನ ಕೈಯೂ ತೂರುವುದಿಲ್ಲ.

ಮನೆ 3: ಜಗಳ ಆಮೇಲೆ. ನಾನೊಂದು ಕರಡು ಬರೆದಿದ್ದೇನೆ: 'ನಮ್ಮ ಬೀದಿಯ ಎಲ್ಲಾ ಸಮಸ್ಯೆಗಳನ್ನು ಶೀಘ್ರ ಪರಿಹರಿಸಿಕೊಡಬೇಕಾಗಿ ವಿನಂತಿ.'

ಮನೆ 20: ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ಓದಿದವರಿಗೆ ಏನು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಒಂದೇ ಕೆಲಸ ಕೇಳೋಣ: ಮೋರಿಯ ಹೂಳು ತೆಗೆದು, ಬಾಯಿಗೆ ಜಾಲರಿ ಹಾಕಬೇಕು. 'ಮಳೆ ಜಾಸ್ತಿ ಬಂತು' ಅಂತ ತಳ್ಳಿಹಾಕುತ್ತಾರೆ, ಅದಕ್ಕೂ ಪತ್ರದಲ್ಲೇ ಉತ್ತರ ಇರಲಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ಬೀದಿ 200 ಮೀಟರ್ ಉದ್ದ, 6 ಮೀಟರ್ ಅಗಲ. ಬರೀ 20 ಮಿ.ಮೀ. ಮಳೆಗೇ ರಸ್ತೆ ಮೇಲೆ 24,000 ಲೀಟರ್. ಅಂಗಳಕ್ಕೆಲ್ಲ ಸಿಮೆಂಟ್ ಹಾಕಿಸಿದ್ದೇವೆ, ಇಂಗುವುದೆಲ್ಲಿ? ಅಷ್ಟೂ ನೀರು ಆ ಒಂದೇ ಬಾಯಿಗೆ ಹೋಗಬೇಕು, ಆ ಬಾಯಿ ಅರ್ಧ ಮುಚ್ಚಿದೆ.

ಮನೆ 6: ಶುಭೋದಯ 🌹 ಈ ಸಂದೇಶವನ್ನು 10 ಜನರಿಗೆ ಕಳುಹಿಸಿ, ಸಂಜೆಯೊಳಗೆ ಒಳ್ಳೆಯ ಸುದ್ದಿ ಬರುತ್ತದೆ.

ಮನೆ 17: ಆಂಟಿ, ಮೋರಿಗೂ ಒಂದು ಕಳುಹಿಸಿ 😂

ಮನೆ 20: ಫೋಟೋ ಬೇಕು. ಗೋಡೆಗೆ ಸ್ಕೇಲ್ ಹಿಡಿದು, ತಾರೀಖು, ಹೊತ್ತು ಸಮೇತ.

ಮನೆ 14: ಆ ಹೊತ್ತಲ್ಲಿ ಸ್ಕೇಲ್ ಎಲ್ಲಿಂದ ತರಲಿ ಅಣ್ಣಾ? ಗೋಡೆ ಮೇಲೆ ಕೆಸರಿನ ಗೆರೆ ಉಳಿದಿದೆ. ಅದನ್ನೇ ಅಳೆದು ಕಳುಹಿಸುತ್ತೇನೆ.

ಮನೆ 9: ಮೊದಲ ಸಾಲಿನಲ್ಲೇ ರ‍್ಯಾಂಪ್ ವಿಷಯ ಇರಬೇಕು. ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.

ಮನೆ 20: ಸರ್, ನಮ್ಮ ನಮ್ಮಲ್ಲೇ ಜಗಳ ಅಂತ ಕಂಡರೆ ಪತ್ರ ಪಕ್ಕಕ್ಕೆ ಹೋಗುತ್ತದೆ, ಅಷ್ಟೇ. ಅದರ ಬದಲು ನಾವೇನು ಮಾಡುತ್ತೇವೆ ಅಂತ ಬರೆಯೋಣ. ಜಾಲರಿಗೂ ಎಲೆ, ಕವರ್ ಕಟ್ಟಿಕೊಳ್ಳುತ್ತದೆ. ವಾರಕ್ಕೊಂದು ಮನೆಯವರು ತೆಗೆಯುತ್ತೇವೆ ಅಂದರೆ ಇಲ್ಲ ಅನ್ನುವುದು ಅವರಿಗೂ ಕಷ್ಟ. ಮೊದಲ ವಾರ ನನ್ನದು. ಆಮೇಲೆ ಯಾರು?

ಮನೆ 20: ಯಾರು?

ಮನೆ 17: ಅದಿರಲಿ, ನೀರಿಗೆ ಹೆದರಿ ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸಿದವರು ಯಾರು? ಬಿಳಿ ಬಣ್ಣದ್ದು.

ಮನೆ 11: ನಮ್ಮ ಗೇಟಿಗೂ ದಿನಾ ಅದೇ ಕಾಟ!

ಮನೆ 9: ಹಾಗಾದರೆ ಪಾರ್ಕಿಂಗ್‌ಗೇ ಮೊದಲು ಮನವಿ ಕೊಡೋಣ. ನಾನೇ ಬರೆಯುತ್ತೇನೆ.

ಮನೆ 3: 👍

ಮನೆ 6: 👍

ಮನೆ 14: ಗೆರೆ ಅಳೆದೆ. 11 ಸೆಂ.ಮೀ. ಇದನ್ನು ಯಾರಿಗೆ ಕಳುಹಿಸಲಿ?