ಚಿಕ್ಕಬಳ್ಳಾಪುರದ ಹಳೆ ಬೀದಿಯ ಚರಿತ್ರೆ ಹುಡುಕೋದು ಎಲ್ಲಿಂದ?

ಪ್ರಶ್ನೆ: ಪೇಟೆಬೀದಿ ಮೊಮ್ಮಗಳು
ನಮಸ್ಕಾರ. ಬಜಾರ್ ರಸ್ತೆ ಹತ್ತಿರ ನಮ್ಮ ತಾತನ ಮನೆ ಇದೆ. ಮುಂದೆ ಜಗಲಿ, ಮೇಲೆ ಮಂಗಳೂರು ಹೆಂಚು. ಅದೇ ಸಾಲಿನ ಮನೆಗಳು ಒಂದೊಂದಾಗಿ ಕಾಂಪ್ಲೆಕ್ಸ್ ಆಗುತ್ತಿವೆ. ನಾನು ಮದುವೆಯಾಗಿ ಬೆಂಗಳೂರು ಸೇರಿದ್ದೇನೆ, ಆದರೂ ಇಡೀ ಬೀದಿಯ ಕಥೆ ಬರೆದಿಡಬೇಕು ಅಂತ ತುಂಬಾ ಆಸೆ. ಒಂದು ಹೆಂಚಿನ ಮೇಲೆ 1865 ಅಂತ ಅಚ್ಚಿದೆ. ಮನೆ ಅಷ್ಟು ಹಳೆಯದಾ?

ಉತ್ತರ: ಹೆಂಚು ಜಂತೆ
1865 ಅನ್ನೋದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಎಷ್ಟೋ ವರ್ಷ ಅದನ್ನೇ ಅಚ್ಚು ಹಾಕಿದರು. ಕಂಪನಿ ಹೆಸರು ನೋಡಿ. ಕಾಮನ್‌ವೆಲ್ತ್ ಅಂತಿದ್ದರೆ ಮೊದಲ ಮಹಾಯುದ್ಧದ ನಂತರದ ಹೆಂಚು. ರಿಪೇರಿಯಲ್ಲಿ ಹೆಂಚು ಬದಲಾಗಿರುತ್ತೆ, ಹಾಗಾಗಿ ಅದೊಂದನ್ನೇ ನಂಬಬೇಡಿ.

ಉತ್ತರ: ಪತ್ರ ಬರಹಗಾರ
ನೋಡಮ್ಮ, ನಾನು ಕ್ರಯಪತ್ರ ಬರೆದೇ ಬದುಕಿದವನು. ಬೀದಿಯ ಚರಿತ್ರೆ ಇರೋದು ಚಕ್ಕುಬಂದಿಯಲ್ಲಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿ ಬರೆದಿರೋ ಭಾಗದಲ್ಲಿ. ನಿಮ್ಮ ತಾತನ ಪತ್ರ ತೆಗೆದು ಕೊನೆಯ ಷೆಡ್ಯೂಲ್ ಓದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಲು, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ರಸ್ತೆ ಅಂತ ಇರುತ್ತೆ. ಪೂರ್ವದ ಮನೆಯವರ ಹೆಸರು ಹಿಡಿದು ಅವರ ಪತ್ರ ಹುಡುಕಿ. ಅದರ ಚಕ್ಕುಬಂದಿಯಲ್ಲಿ ಅದರಾಚೆಯ ಮನೆ ಸಿಗುತ್ತೆ. ಹೀಗೆ ಮನೆಯಿಂದ ಮನೆಗೆ ಹೋದರೆ ಆ ಕಾಲದ ಇಡೀ ಸಾಲು ಕಾಗದದ ಮೇಲೆ ಎದ್ದು ನಿಲ್ಲುತ್ತೆ. ಈಗಿಲ್ಲದ ಬಾವಿ, ಛತ್ರ, ಎಣ್ಣೆ ಗಾಣ ಕೂಡ ಅಲ್ಲೇ ಗಡಿಯಾಗಿ ಕೂತಿರುತ್ತವೆ.

ಮನೆ ನಂಬರ್ ಹಿಡಿದು ಹೋಗಬೇಡಿ, ಅದು ಬದಲಾಗುತ್ತಾ ಬಂದಿರುತ್ತೆ. ಹೆಸರು ಹಿಡಿಯಿರಿ. 2004ರಿಂದ ಈಚಿನ ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ (ಋಣಭಾರ ಪ್ರಮಾಣಪತ್ರ), ಕಂಪ್ಯೂಟರ್‌ನಲ್ಲೇ ಸಿಗುತ್ತೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಬರಹದ ಇಂಡೆಕ್ಸ್ ನೋಡಿಸಬೇಕು. ಕ್ರಯ, ಭೋಗ್ಯ, ವಿಭಾಗ ಪತ್ರ ಎಲ್ಲಾ ಅದರಲ್ಲಿರುತ್ತವೆ.

ಪೇಟೆಬೀದಿ ಮೊಮ್ಮಗಳು:
ತುಂಬಾ ಥ್ಯಾಂಕ್ಸ್ ಸರ್! ಆದರೆ ಪಕ್ಕದವರು ಪತ್ರ ಕೇಳಿದರೆ ಆಸ್ತಿ ತಕರಾರು ಅಂದುಕೊಳ್ಳುತ್ತಾರೆ.

ಪತ್ರ ಬರಹಗಾರ:
ಅವರನ್ನು ಕೇಳೋದೇ ಬೇಡ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಒಂದನೇ ಪುಸ್ತಕದ (ಮನೆ, ಜಮೀನಿನಂಥ ಸ್ಥಿರಾಸ್ತಿ ಪತ್ರಗಳ ರಿಜಿಸ್ಟರ್) ಪತ್ರಗಳನ್ನು ಯಾರು ಬೇಕಾದರೂ ಫೀಸು ಕಟ್ಟಿ ನೋಡಬಹುದು, ನಕಲೂ ಪಡೆಯಬಹುದು. ಉಯಿಲು ಮಾತ್ರ ಹಾಗೆ ಸಿಗಲ್ಲ. ಆದರೆ ಬರೆಯುವಾಗ ಸಾಲದ ವಿಷಯ ಬಿಟ್ಟುಬಿಡಿ. ಯಾರ ಮನೆ ಭೋಗ್ಯಕ್ಕೆ ಬಿದ್ದಿತ್ತು ಅಂತ ಊರಿಗೆಲ್ಲ ತಿಳಿಯಬೇಕಾಗಿಲ್ಲ.

ಉತ್ತರ: ಶಾಸನ ಹುಚ್ಚು
ಒಂದು ಮಾತು ಸೇರಿಸ್ತೀನಿ. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ, ಅಲ್ಲಿಯವರೆಗೆ ಕೋಲಾರ ಜಿಲ್ಲೆಯಲ್ಲಿತ್ತು. ಹಳೆ ಗೆಜೆಟಿಯರ್, ಪತ್ರಾಗಾರದ ಕಡತ ಎಲ್ಲಾ ಕೋಲಾರ ಅಂತಲೇ ಹುಡುಕಿ. ಬೀದಿಯ ಗುಡಿ ಹತ್ತಿರ ಶಾಸನದ ಕಲ್ಲಿದ್ದರೆ ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾ 10ನೇ ಸಂಪುಟ ನೋಡಿ. ಅದೂ ಕೋಲಾರ ಜಿಲ್ಲೆಯ ಸಂಪುಟವೇ.

ಪೇಟೆಬೀದಿ ಮೊಮ್ಮಗಳು:
ಪತ್ರ ಅಮ್ಮನ ಬೀರುವಿನಲ್ಲಿದೆ. ಸೋಮವಾರ ರಜೆ ಹಾಕಿ ಊರಿಗೆ ಹೋಗ್ತೀನಿ. ಚಕ್ಕುಬಂದಿಯ ಹಾಳೆ ಇಲ್ಲೇ ಹಾಕಿದರೆ, ಸರ್, ಹಳೆ ಕೈಬರಹ ಓದಿಕೊಡ್ತೀರಾ?

ಪತ್ರ ಬರಹಗಾರ:
ಧಾರಾಳವಾಗಿ. ಹೆಸರುಗಳನ್ನು ಮುಚ್ಚಿ ಹಾಕಮ್ಮ.