ಪದಚರ್ಚೆ: ಕಾಂಪೊನೆಂಟನ್ನು ‘ಸ್ಥಾಪಿಸುವುದೋ’, ‘ಸೇರಿಸುವುದೋ’, ‘ತರಿಸಿಕೊಳ್ಳುವುದೋ’?

ಎಲ್ಲರಿಗೂ ನಮಸ್ಕಾರ.

ವೆಬ್ ಡೆವಲಪ್‌ಮೆಂಟ್ ಹೊಸದಾಗಿ ಕಲಿಯುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಶಾಡ್‌ಸಿಎನ್ ಯುಐ (ವೆಬ್ ಪುಟಕ್ಕೆ ಬೇಕಾದ ಬಟನ್‌ನಂಥ ಸಿದ್ಧ ಬಿಡಿಭಾಗಗಳ, ಅಂದರೆ ಕಾಂಪೊನೆಂಟುಗಳ, ಸಂಗ್ರಹ) ಬಗೆಗಿನ ಪಾಠದಲ್ಲಿ ಒಂದು ಕ್ರಿಯಾಪದದ ಹತ್ತಿರ ಗಾಡಿ ನಿಂತಿದೆ.

ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ‘ಎನ್‌ಪಿಎಕ್ಸ್ ಶಾಡ್‌ಸಿಎನ್@ಲೇಟೆಸ್ಟ್ ಆ್ಯಡ್ ಬಟನ್’ ಅಂತ ಕೊಟ್ಟು ಎಂಟರ್ ಒತ್ತಿದರೆ ಬಟನ್ ಕಾಂಪೊನೆಂಟ್ ನಮ್ಮ ಪ್ರಾಜೆಕ್ಟಿಗೆ ಬರುತ್ತದೆ. ಈ ಕೆಲಸಕ್ಕೆ ಏನನ್ನೋಣ? ನಿಘಂಟು ಹಿಡಿದು ಹೊರಟರೆ ‘ಬಟನ್ ಘಟಕವನ್ನು ಸ್ಥಾಪಿಸಿ’ ಅಂತಾಗುತ್ತದೆ. ಇದನ್ನು ಓದಿದವರು ಗುಂಡಿ ತಯಾರಿಸುವ ಕಾರ್ಖಾನೆಗೆ ಸಾಲ ಎಲ್ಲಿ ಸಿಗುತ್ತದೆ ಅಂತ ಕೇಳಿಯಾರು! ಘಟಕ, ಸ್ಥಾಪನೆ ಎರಡೂ ಒಟ್ಟಿಗೆ ಬಂದರೆ ಪೇಪರ್ ಓದುವವರ ತಲೆಗೆ ಬರುವುದು ಅದೇ ಅಲ್ವಾ? ಹಾಗಾಗಿ ‘ಕಾಂಪೊನೆಂಟ್’ ಅಂತಲೇ ಇಟ್ಟುಕೊಂಡಿದ್ದೇನೆ. ‘ಅನುಸ್ಥಾಪಿಸು’ ಸಾಫ್ಟ್‌ವೇರ್ ಅನುವಾದಗಳಲ್ಲಿ ಕಾಣುತ್ತದೆ, ಆದರೆ ಯಾರ ಬಾಯಲ್ಲೂ ನಾನು ಕೇಳಿಲ್ಲ.

ನಿಜವಾದ ತೊಡಕು ಬೇರೆ ಇದೆ. ‘ಎನ್‌ಪಿಎಂ ಇನ್‌ಸ್ಟಾಲ್’ ಕೊಟ್ಟರೆ ಪ್ಯಾಕೇಜು (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟು) ನೋಡ್ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಹೋಗಿ ಕೂರುತ್ತದೆ. ಅದರ ಹೆಸರು, ಆವೃತ್ತಿ ಪ್ಯಾಕೇಜ್ ಡಾಟ್ ಜೇಸನ್ ಫೈಲಿನಲ್ಲಿ ದಾಖಲಾಗುತ್ತದೆ. ಅದರೊಳಗೆ ನಾವು ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಶಾಡ್‌ಸಿಎನ್ ಹಾಗಲ್ಲ. ಬಟನ್ನಿನ ಕೋಡನ್ನೇ ನಕಲು ಮಾಡಿ ತಂದು ನಮ್ಮ ಕಾಂಪೊನೆಂಟ್ಸ್ ಫೋಲ್ಡರಿನಲ್ಲಿ, ಯುಐ ಅನ್ನುವ ಒಳಫೋಲ್ಡರಿನಲ್ಲಿ, ‘ಬಟನ್ ಡಾಟ್ ಟಿಎಸ್‌ಎಕ್ಸ್’ ಅಂತ ಇಡುತ್ತದೆ. ಆಮೇಲೆ ಅದು ನಮ್ಮದೇ ಫೈಲು. ಬಣ್ಣ ಬದಲಿಸಬಹುದು, ಅಂಚು ದುಂಡಗೆ ಮಾಡಬಹುದು, ಬೇಡವಾದರೆ ಅಳಿಸಿದರಾಯಿತು. ಆದರೆ ಬಟನ್ನಿಗೆ ಬೇಕಾದ ರ‍್ಯಾಡಿಕ್ಸ್‌ನಂಥ ಪ್ಯಾಕೇಜುಗಳನ್ನು ಅದೇ ಕಮಾಂಡು ಮಾಮೂಲಿಯಂತೆ ಇನ್‌ಸ್ಟಾಲ್ ಮಾಡುತ್ತದೆ. ಹೀಗೆ ಒಂದೇ ಸಾಲಿನಲ್ಲಿ ಎರಡು ಕೆಲಸ ನಡೆಯುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ, ಕಲಿಯುವವರು ಬಟನ್ನನ್ನು ನೋಡ್ ಮಾಡ್ಯೂಲ್ಸ್‌ನಲ್ಲಿ ಸುಮ್ನೆ ಹುಡುಕುತ್ತಾ ಕೂರುತ್ತಾರೆ.

ಪ್ಯಾಕೇಜಿಗೆ ‘ಅಳವಡಿಸು’ ಸಾಕು ಅನ್ನಿಸುತ್ತದೆ. ಕ್ಯಾಮೆರಾ, ಮೀಟರ್ ಎಲ್ಲಕ್ಕೂ ಅದನ್ನೇ ಹೇಳುತ್ತೇವೆ.

ಕಾಂಪೊನೆಂಟಿಗೆ? ಕಮಾಂಡಿನಲ್ಲೇ ‘ಆ್ಯಡ್’ ಇರುವುದರಿಂದ ‘ಸೇರಿಸು’ ಸಲೀಸು. ಆದರೆ ಮುಂದಿನ ಹೆಜ್ಜೆಯಲ್ಲೇ ಅದು ಕೈಕೊಡುತ್ತದೆ. ಫೈಲು ಬಂದ ಮೇಲೂ ಪುಟದಲ್ಲಿ ಏನೂ ಕಾಣುವುದಿಲ್ಲ. ನಾವು ಅದನ್ನು ಇಂಪೋರ್ಟ್ ಮಾಡಿ (ಈ ಫೈಲನ್ನು ಬಳಸುತ್ತೇವೆ ಅಂತ ಕೋಡಿನಲ್ಲಿ ಹೇಳಿ) ಪುಟದ ಕೋಡಿನಲ್ಲಿ ಬರೆದಾಗಲೇ ಬಟನ್ ಮೂಡುವುದು. ಅದಕ್ಕೂ ‘ಪುಟಕ್ಕೆ ಬಟನ್ ಸೇರಿಸಿ’ ಅಂತಲೇ ಹೇಳಬೇಕಾಗುತ್ತದೆ. ‘ಆಗಲೇ ಸೇರಿಸಿದೆನಲ್ಲ, ಮತ್ತೆ ಯಾಕೆ?’ ಅನ್ನುವ ಪ್ರಶ್ನೆ ಗ್ಯಾರಂಟಿ.

ನನಗೆ ಹಿಡಿಸಿರುವುದು ‘ತರಿಸಿಕೊಳ್ಳು’. ‘ಈ ಕಮಾಂಡ್ ಕೊಟ್ಟು ಬಟನ್ ತರಿಸಿಕೊಳ್ಳಿ. ಆಮೇಲೆ ಪುಟಕ್ಕೆ ಸೇರಿಸಿ.’ ತರುವುದು ಟೂಲು, ಹೇಳಿ ತರಿಸುವುದು ನಾವು, ಬಂದದ್ದು ನಮ್ಮದಾಗುತ್ತದೆ. ‘ತರಿಸು’ಗೆ ‘ಕೊಳ್ಳು’ ಸೇರಿದಾಗ ಇಷ್ಟೂ ಅದರಲ್ಲೇ ಬಂತು. ‘ಇಳಿಸಿಕೊಳ್ಳು’ ಕೂಡ ಇದೆ, ಆದರೆ ಅದು ಡೌನ್‌ಲೋಡಿಗೆ ಮೀಸಲಾಗಿಬಿಟ್ಟಿದೆ. ಒಬ್ಬ ಗೆಳೆಯರು ‘ಕಸಿ ಮಾಡು’ ಅಂದರು. ಚೆನ್ನಾಗಿದೆ, ಆದರೆ ಓದುವವರು ಕೋಡು ಬಿಟ್ಟು ಆ ಪದವನ್ನೇ ನೋಡುತ್ತಾ ನಿಲ್ಲುತ್ತಾರೆ.

‘ತರಿಸಿಕೊಳ್ಳು’ಗೆ ಒಂದು ಕೊರತೆ ಇದೆ. ‘ಅಳವಡಿಸು’ಗೆ ‘ಅಳವಡಿಕೆ’ ಅಂತ ನಾಮಪದ ಸಿಗುತ್ತದೆ, ತಲೆಬರಹಕ್ಕೆ ಅನುಕೂಲ. ‘ತರಿಸಿಕೊಳ್ಳುವಿಕೆ’ ಅಂತ ಬರೆಯಲು ಕೈ ಬರುವುದಿಲ್ಲ. ‘ಬಟನ್ ತರಿಸಿಕೊಳ್ಳುವುದು ಹೇಗೆ’ ಅಂತ ಉದ್ದಕ್ಕೆ ಬರೆಯುವುದೇ ದಾರಿಯೋ, ಬೇರೆ ಏನಾದರೂ ಇದೆಯೋ?

ಇನ್ನೊಂದು ಚಿಕ್ಕ ಪ್ರಶ್ನೆ. ಫೈಲು ಆಗಲೇ ಇದ್ದರೆ ಟೂಲು ‘ಓವರ್‌ರೈಟ್ ಮಾಡಲೇ?’ ಅಂತ ಕೇಳುತ್ತದೆ. ಹೂಂ ಅಂದರೆ ನಾವು ಮಾಡಿದ ತಿದ್ದುಪಡಿಯೆಲ್ಲ ಹೋಗುತ್ತದೆ. ‘ಮೇಲೆ ಬರೆ’ ಅಂದರೆ ಗಾಯದ ಮೇಲೆ ಬರೆ ಎಳೆದಂತೆ ಕೇಳಿಸುತ್ತದೆ, ಜೊತೆಗೆ ಹಳೆಯದು ಅಳಿಸಿಹೋಗುವುದೂ ಅದರಲ್ಲಿ ಬರುವುದಿಲ್ಲ. ಸದ್ಯಕ್ಕೆ ‘ಹಳೆಯದನ್ನು ಅಳಿಸಿ ಹೊಸದನ್ನು ಇಡಲೇ?’ ಅಂತ ಬಿಡಿಸಿ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ನಿಮ್ಮ ಬಳಕೆಯಲ್ಲಿ ಇದ್ದರೆ ತಿಳಿಸಿ.